ಅಜ್ಜಿಯ ಸೋಬಾನೆ ಕೇಳಿಸಿಕೊಳ್ಳುವವರನ್ನೇ ಕರೆಸಿ

ಮಾನ್ಯ ಸಂಪಾದಕರೇ, ಬರುವ ಫೆಬ್ರವರಿಯಲ್ಲಿ ಹಾಸನದ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಮದುವೆ. ವಿಡಿಯೊಗೆ ಬೆಂಗಳೂರಿನ ತಂಡವೊಂದು 1,60,000 ರೂಪಾಯಿ ಕೇಳುತ್ತಿದೆ. ಮೂರು ಕ್ಯಾಮೆರಾ, ಡ್ರೋನ್, ಕೊನೆಗೆ ಅರ್ಧ ಗಂಟೆಯ ಸಿನಿಮಾದಂತಹ ಚಿತ್ರ. ನಮ್ಮೂರಿನ ಸ್ಟುಡಿಯೊದವರು 55,000 ರೂಪಾಯಿಗೆ ಇಡೀ ಮದುವೆಯ ನಾಲ್ಕು ಗಂಟೆಯ ವಿಡಿಯೊ ಕೊಡುತ್ತಾರಂತೆ. ಅಪ್ಪನಿಗೆ ಊರಿನವರೇ ಸಾಕು, ನನಗೆ ಬೆಂಗಳೂರಿನವರ ಕೆಲಸ ಇಷ್ಟ. ಅಜ್ಜಿ ಹೇಳುವ ಸೋಬಾನೆಯನ್ನು ಸೇರಿಸಬಹುದೇ ಎಂದು ಕೇಳಿದ್ದಕ್ಕೆ ಬೆಂಗಳೂರಿನವರು ಅದು ಚಿತ್ರದ ಓಟಕ್ಕೆ ಹೊಂದುವುದಿಲ್ಲ ಎಂದರು. ಯಾರನ್ನು ಆರಿಸಲಿ?
— ಓದುಗಿಯೊಬ್ಬರು, ಸಕಲೇಶಪುರ

ಸಂಪಾದಕರ ಉತ್ತರ

ನಿಮ್ಮ ಪತ್ರದಲ್ಲಿ ದುಡ್ಡಿನ ಲೆಕ್ಕ ಮೊದಲು ಬಂದಿದೆ, ಅಜ್ಜಿಯ ಸೋಬಾನೆ ಕೊನೆಗೆ ಹೋಗಿದೆ. ನಾನು ಅದನ್ನು ಕೊನೆಯಿಂದಲೇ ಓದಿಕೊಂಡೆ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರವೂ ಅಲ್ಲಿಯೇ ಇದೆ.

ಬೆಂಗಳೂರಿನ ತಂಡದವರ ಕೈಚಳಕವನ್ನು ನಾನು ಅಲ್ಲಗಳೆಯುವುದಿಲ್ಲ. ಬೆಳಕಿನ ಹದ ಅವರಿಗೆ ಗೊತ್ತಿದೆ, ಕೇಳುವ ಹಣಕ್ಕೆ ದುಡಿಯುತ್ತಾರೆ ಕೂಡ. ಆದರೆ ಅಜ್ಜಿಯ ಹಾಡು ಹೊಂದುವುದಿಲ್ಲ ಎಂದವರಿಗೆ ಆ ಅಜ್ಜಿಯ ಮೊಮ್ಮಗಳ ಮದುವೆಯನ್ನು ಒಪ್ಪಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

1994ರಲ್ಲಿ ನನ್ನ ತಂಗಿಯ ಮದುವೆ ಹಾಸನದಲ್ಲಿಯೇ ನಡೆಯಿತು. ಆಗಿನ ವಿಎಚ್‌ಎಸ್ ಕ್ಯಾಸೆಟ್ಟು ಮೂಡಿಗೆರೆಯ ನಮ್ಮ ಮನೆಯ ಬೀರುವಿನಲ್ಲಿ, ಮಳೆಗಾಲದ ಥಂಡಿಗೆ ಬೂಷ್ಟು ಹಿಡಿದು ಬಿದ್ದಿತ್ತು. 2016ರಲ್ಲಿ ಜಪಾನಿನ ಫುನಾಯ್ ಕಂಪನಿಯೂ ಆ ಕ್ಯಾಸೆಟ್ಟು ಹಾಕಿ ನೋಡುವ ವಿಸಿಆರ್ ಯಂತ್ರದ ತಯಾರಿಕೆ ನಿಲ್ಲಿಸಿತೆಂದು ಓದಿ ಗಾಬರಿಯಾಗಿ, ಅದನ್ನು ಶುಚಿ ಮಾಡಿಸಿ ಕಂಪ್ಯೂಟರಿಗೆ ಇಳಿಸಿಕೊಂಡೆವು. ಹೆಣ್ಣೊಪ್ಪಿಸುವ ಶಾಸ್ತ್ರ ಬಂತು. ಅಮ್ಮ ತಂಗಿಯ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟು ಹಾಡುತ್ತಿದ್ದಾರೆ. ತುಟಿ ಅಲುಗುವುದು ಕಾಣುತ್ತದೆ, ಕತ್ತಿನ ನರ ಉಬ್ಬುವುದೂ ಕಾಣುತ್ತದೆ, ಆದರೆ ಕೇಳಿಸುವುದು ಯಾವುದೋ ಸಿನಿಮಾ ಹಾಡು. ಎಡಿಟಿಂಗ್ ಮಾಡಿದವರು ಮದುವೆಯ ಸದ್ದನ್ನೆಲ್ಲ ಅಳಿಸಿ ಅದರ ಮೇಲೆ ಹಾಡು ತುಂಬಿದ್ದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಹನ್ನೊಂದು ಸೆಕೆಂಡು ಮಾತ್ರ ಅವರ ಕೈತಪ್ಪಿ ಉಳಿದಿದೆ. ಅದರಲ್ಲಿ ಅಮ್ಮ, “ಎಲೆಅಡಿಕೆ ತಟ್ಟೆ ಎಲ್ಲಿಟ್ರೇ?” ಎಂದು ಯಾರನ್ನೋ ಕೇಳುತ್ತಾರೆ. 2003ರಲ್ಲಿ ಅಮ್ಮ ತೀರಿಕೊಂಡರು. ಅವರ ದನಿ ಎಂದು ನಮ್ಮ ಮನೆಯಲ್ಲಿರುವುದು ಅಷ್ಟೇ.

ಗೊರೂರು ರಾಮಸ್ವಾಮಿ ಅಯ್ಯಂಗಾರರು ಹಳ್ಳಿಯ ಹಾಡುಗಳನ್ನು ಕಲೆಹಾಕಿ ಅಚ್ಚು ಹಾಕಿಸಿದವರು. ಅಂಥವರಿಂದಾಗಿ ಪದಗಳು ಉಳಿದವು. ಆದರೆ ಧಾಟಿಯನ್ನು ಅಕ್ಷರ ಹಿಡಿಯಲಾರದು. ಒಬ್ಬಾಕೆ ಎತ್ತಿಕೊಡುವುದು, ಉಳಿದವರು ಸೊಲ್ಲು ಸೇರಿಸುವುದು, ನಡುವೆ ಯಾರೋ ಸಾಲು ಮರೆತು ನಗುವುದು, ಇವೆಲ್ಲ ಇರುವುದು ಕಿವಿಯಲ್ಲಿ. ಆ ಕಾಲದವರ ಬಳಿ ಇಲ್ಲದ ಯಂತ್ರ ಇಂದು ಪ್ರತಿ ಮದುವೆ ಮನೆಗೂ ಬರುತ್ತಿದೆ, ಬಂದು ರೀಲಿಗೆ ಬೇಕಾದ ಮೂವತ್ತು ಸೆಕೆಂಡು ಹಿಡಿದುಕೊಂಡು ಹೋಗುತ್ತಿದೆ ಎಂಬುದು ನನ್ನ ಬಹುದಿನದ ಸಂಕಟ.

ಆದ್ದರಿಂದ ಯಾರನ್ನು ನೋಡಲು ಹೋದರೂ ಟ್ರೇಲರಿಗೆ ಮರುಳಾಗಬೇಡಿ. ನಾಲ್ಕು ನಿಮಿಷದ ತುಣುಕಿನಲ್ಲಿ ಯಾರ ಮದುವೆಯಾದರೂ ಚೆಂದವೇ. ಅವರು ಮಾಡಿದ ಯಾವುದಾದರೊಂದು ಮದುವೆಯ ಧಾರೆಯ ಭಾಗವನ್ನು, ಹಾಡು ಸೇರಿಸದೆ, ಅರ್ಧ ಗಂಟೆ ಹಾಕಲು ಹೇಳಿ ಕಣ್ಣು ಮುಚ್ಚಿಕೊಂಡು ಕೇಳಿ. ಪುರೋಹಿತರ ಮಂತ್ರ, ಸೋದರಮಾವನ ಪಿಸುಮಾತು, ಹೆಂಗಸರ ಪದ ಬಿಡಿಬಿಡಿಯಾಗಿ ಕೇಳಿಸುತ್ತವೆಯೋ, ವಾಲಗ ಗದ್ದಲ ಎಲ್ಲ ಸೇರಿ ಒಂದೇ ಮುದ್ದೆಯಾಗಿದೆಯೋ ತಿಳಿಯುತ್ತದೆ. ಕ್ಯಾಮೆರಾದ ತಲೆಯ ಮೇಲಿನ ಮೈಕು ಹತ್ತಡಿ ದೂರದ ಮಾತಿಗಿಂತ ಪಕ್ಕದ ಗದ್ದಲವನ್ನೇ ಹೆಚ್ಚಾಗಿ ಹಿಡಿಯುತ್ತದೆ. ಬಟ್ಟೆಗೆ ಸಿಕ್ಕಿಸುವ ಕಾಲರ್ ಮೈಕು ಎಷ್ಟಿವೆ, ಯಾರಿಗೆ ಹಾಕುತ್ತೀರಿ ಎಂದು ಕೇಳಿದಾಗ ತಡಬಡಾಯಿಸದೆ ಉತ್ತರ ಕೊಡುವವರು ನನ್ನ ಪಾಲಿಗೆ ಒಳ್ಳೆಯ ವಿಡಿಯೊಗ್ರಾಫರ್.

ಮುಹೂರ್ತದ ದಿನ ಖುದ್ದಾಗಿ ಬರುವವರು ಯಾರೆಂಬುದನ್ನೂ ಬರೆಸಿಕೊಳ್ಳಿ, ಏಕೆಂದರೆ ಮದುವೆಗಳು ಹೆಚ್ಚಿರುವ ದಿನಗಳಲ್ಲಿ ಒಪ್ಪಿಕೊಂಡವರೊಬ್ಬರು, ಬರುವವರು ಇನ್ನೊಬ್ಬರು. ಗಟ್ಟಿಮೇಳ ಮೊಳಗಿದಾಗ ಎಲ್ಲಿ ನಿಲ್ಲಬೇಕು, ಸೋದರಮಾವ ಹೆಣ್ಣನ್ನು ಕರೆತರುವುದು ಯಾವ ಬಾಗಿಲಿನಿಂದ ಎಂಬುದು ನಿಮ್ಮೂರಿನ ಸ್ಟುಡಿಯೊದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ತಂದೆಯವರ ಅಭಿಪ್ರಾಯವನ್ನು ನೀವು “ಸಾಕು” ಎಂಬ ಒಂದೇ ಪದಕ್ಕೆ ಇಳಿಸಿಬಿಟ್ಟಿದ್ದೀರಿ, ತಾಯಿ, ಅದು ಸರಿಯಲ್ಲ. ಹಾಗಿದ್ದರೂ ಅಜ್ಜಿಯನ್ನು ಮರೆಯದೆ ಆ ಪ್ರಶ್ನೆಯನ್ನು ಕೇಳಿದವರು ನೀವೇ ಎಂಬುದು ನನಗೆ ಸಂತೋಷ ಕೊಟ್ಟಿತು.

ಡ್ರೋನಿನ ಬಗ್ಗೆ ಹೆಚ್ಚು ಹೇಳಲಾರೆ. ಅದು 250 ಗ್ರಾಂಗಿಂತ ಭಾರವಿದ್ದರೆ, ಹಣ ಪಡೆದು ಹಾರಿಸುವವರ ಬಳಿ 2021ರ ಡ್ರೋನ್ ನಿಯಮಗಳಂತೆ ಪೈಲಟ್ ಪ್ರಮಾಣಪತ್ರ ಇರಬೇಕು. ಹಕ್ಕಿನ ವಿಷಯ ಮುಖ್ಯ: 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ, ಹಣ ಕೊಟ್ಟು ಮಾಡಿಸಿದ ಫೋಟೊ ಮತ್ತು ಚಿತ್ರಗಳಿಗೆ, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಡಿಸಿದವರೇ ಮೊದಲ ಹಕ್ಕುದಾರರು. ಸಹಿ ಹಾಕುವ ಕಾಗದದಲ್ಲಿ ಆ ಹಕ್ಕನ್ನು ಬಿಟ್ಟುಕೊಡುವ ಸಾಲು ಇದೆಯೇ ಎಂದು ನೋಡಿಕೊಳ್ಳಿ. ಎಡಿಟ್ ಆಗದ ಮೂಲ ಚಿತ್ರಣವನ್ನೂ ಕೇಳಿ ಪಡೆಯಿರಿ. 4ಕೆ ಎಂಬ ಹೆಚ್ಚು ಸ್ಪಷ್ಟತೆಯ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಚಿತ್ರಿಸಿದರೆ ಗಂಟೆಗೆ ಸುಮಾರು 45 ಜಿಬಿ ಬೇಕು. ಮೂರು ಕ್ಯಾಮೆರಾ ಆರು ಗಂಟೆ ಓಡಿದರೂ ಒಂದು ಟಿಬಿಯ ಡಿಸ್ಕಿನಲ್ಲಿ ಹಿಡಿಯುತ್ತದೆ. ಅಂಥ ಎರಡು ಡಿಸ್ಕುಗಳನ್ನು ನೀವೇ ಕೊಂಡು ಕೊಟ್ಟು, ಒಂದನ್ನು ತವರಿನಲ್ಲಿಡಿ.

ಈಚಿನ ಮದುವೆಗಳಲ್ಲಿ ಧಾರೆಯ ಹೊತ್ತಿಗೆ ಎದುರು ಕುಳಿತವರಿಗೆ ಕಾಣುವುದು ಕ್ಯಾಮೆರಾದವರ ಬೆನ್ನು. ಅಕ್ಷತೆ ಇನ್ನೊಮ್ಮೆ ಹಾಕಿ, ಆರತಿ ಇನ್ನೊಮ್ಮೆ ಎತ್ತಿ ಎಂದು ಅವರು ಹೇಳುತ್ತಾರೆ, ಎಂಬತ್ತು ವರ್ಷದ ಹಿರಿಯರು ಪುನಃ ಕೈ ಎತ್ತುತ್ತಾರೆ. ಸ್ಪೀಕರಿನ ಅಬ್ಬರಕ್ಕೆ ಸೋಬಾನೆಯವರು ಎರಡು ಸಾಲಿಗೇ ಬಾಯಿ ಮುಚ್ಚಿ, ಸೆರಗು ಸರಿಮಾಡಿಕೊಂಡು, ಊಟದ ಮನೆಯ ಕಡೆಗೆ ಎದ್ದು ಹೋಗುವುದನ್ನು ನಾನು ಎಷ್ಟೋ ಮದುವೆಗಳಲ್ಲಿ ಕಂಡಿದ್ದೇನೆ.

ನಿಮ್ಮೂರಿನವರನ್ನೇ ಗೊತ್ತುಮಾಡಿ. ಅವರೂ ಧಾರೆಯ ಮೇಲೆ ಸಿನಿಮಾ ಹಾಡು ತುಂಬುವವರಾದರೆ, ಬೇಡವೆಂದು ಮೊದಲೇ ಬರೆದುಕೊಡಿ. ಉಳಿಯುವ ಹಣದಲ್ಲಿ ಚಪ್ಪರದ ದಿನದ ಸಂಜೆಗೂ ಅವರನ್ನು ಮನೆಗೆ ಕರೆಸಿ. ಫ್ಯಾನ್ ಆರಿಸಿ, ಟಿವಿ ನಿಲ್ಲಿಸಿ, ಅಜ್ಜಿಯ ಸೆರಗಿಗೆ ಮೈಕು ಸಿಕ್ಕಿಸಿ ಪಕ್ಕದಲ್ಲಿ ಕುಳಿತುಕೊಳ್ಳಿ. ಸೊಲ್ಲು ಸೇರಿಸಲು ನಿಮಗೆ ಬರದಿದ್ದರೆ ಫೆಬ್ರವರಿಯೊಳಗೆ ಕಲಿತುಕೊಳ್ಳಿ.