ಕಲ್ಲುಗಳ ನಡುವೆ ಕೊಡಗು ಎಲ್ಲಿದೆ?

ವಿರಾಜಪೇಟೆಯ ಮೇಷ್ಟ್ರಿಗೆ ನಮಸ್ಕಾರ.

ಏಳನೇ ತರಗತಿಯ ಮಕ್ಕಳನ್ನು ಮಡಿಕೇರಿ ಕೋಟೆಯ ಸರ್ಕಾರಿ ಮ್ಯೂಸಿಯಂಗೆ ಕರೆದೊಯ್ದಿರಿ. ಇಪ್ಪತ್ತೇ ನಿಮಿಷಕ್ಕೆ ಎಲ್ಲರೂ ಹೊರಬಂದು ರಾಜಾಸೀಟ್ ಉದ್ಯಾನಕ್ಕೆ ಹೋಗೋಣ ಎಂದರಂತೆ. "ಒಂದಷ್ಟು ಕಲ್ಲು, ಒಂದಷ್ಟು ಕತ್ತಿ. ಇದರಲ್ಲಿ ನಮ್ಮ ಕೊಡಗು ಎಲ್ಲಿದೆ?" ಎಂದು ಕೇಳಿದ್ದೀರಿ. ಈ ಪ್ರಶ್ನೆ ನನ್ನನ್ನು ಎರಡು ದಿನ ಬಿಡಲಿಲ್ಲ.

ಮುಂದಿನ ಸಲ ಮಕ್ಕಳನ್ನು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಲ್ಲಿಸಿ. ಅಲ್ಲಿನ ಎಲ್ಲಕ್ಕಿಂತ ದೊಡ್ಡ ವಸ್ತು ಆ ಕಟ್ಟಡವೇ. 1834ರಲ್ಲಿ ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ ಇಂಗ್ಲಿಷರು, 1855ರಲ್ಲಿ ವೀರಭದ್ರನ ಗುಡಿಯಿದ್ದ ಜಾಗದಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಮ್ಯೂಸಿಯಂ ಇರುವುದು ಆ ಚರ್ಚಿನೊಳಗೆ. ಸುತ್ತಲಿನ ಕೋಟೆ ಮೊದಲು ಕೊಡಗಿನ ಅರಸ ಮುದ್ದುರಾಜನ ಮಣ್ಣಿನ ಕೋಟೆ. ಅದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಕರೆದವನು ಟಿಪ್ಪು. ಗುಡಿ, ಚರ್ಚು, ಮ್ಯೂಸಿಯಂ: ನಿಂತಲ್ಲೇ ಮೂರು ಕಾಲ.

ಒಳಗೆ ಹೋದಮೇಲೆ ಎಲ್ಲವನ್ನೂ ತೋರಿಸಬೇಡಿ. ಕಾಳಗದಲ್ಲಿ ಸತ್ತವನ ನೆನಪಿಗೆ ನೆಟ್ಟ ಒಂದು ವೀರಗಲ್ಲು ಸಾಕು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಸತ್ತವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೂತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಇದನ್ನು ಮಕ್ಕಳು ತಾವೇ ಬೆರಳು ತೋರಿಸಿ ಕಂಡುಹಿಡಿಯಲಿ, ಮುಟ್ಟದೆ. ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಮುಂದೆ ಕಾರಣವರನ್ನು, ಅಂದರೆ ಹಿರಿಯರನ್ನು, ನೆನೆಯುವ ಮಗುವಿಗೆ, ಸತ್ತವರನ್ನು ಊರು ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂದು ನಾವು ಪಾಠ ಹೇಳಬೇಕಿಲ್ಲ. ಅಲ್ಲಿನ ಜೈನ ಶಿಲ್ಪಗಳನ್ನು ಕಂಡವರು ಇನ್ನೊಂದು ದಿನ ಸೋಮವಾರಪೇಟೆ ತಾಲ್ಲೂಕಿನ ಮುಳ್ಳೂರಿಗೆ ಹೋಗಲಿ. ಈ ಸೀಮೆಯನ್ನು ಹಿಂದೆ ಆಳಿದ ಕೊಂಗಾಳ್ವ ಅರಸರ ಕಾಲದ ಬಸದಿಗಳು ಅಲ್ಲಿ ಇನ್ನೂ ನಿಂತಿವೆ.

ಭಾರತದ ಸೇನಾ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮಡಿಕೇರಿಯ ಮನೆ ಸನ್ನಿಸೈಡ್ ಕೂಡ ಈಗ ಮ್ಯೂಸಿಯಂ. ನಿಮ್ಮ ಹುಡುಗರಿಗೆ ಅದು ಸುಲಭವಾಗಿ ಹಿಡಿಸುತ್ತದೆ, ಅದನ್ನು ಕೊನೆಗಿಡಿ.

ನಿಮ್ಮ ಪ್ರಶ್ನೆಯ ಇನ್ನೊಂದು ಅರ್ಧ, "ನಮ್ಮ ಕೊಡಗು" ಎಂಬ ಮಾತು, ನನ್ನನ್ನು ಹೆಚ್ಚು ಕಾಡಿದ್ದು. ಕೊಡಗು ತಾನೇ ಒಂದು ರಾಜ್ಯವಾಗಿತ್ತು. 1952ರಲ್ಲಿ 24 ಸದಸ್ಯರ ವಿಧಾನಸಭೆ, ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿ, ಮೈಸೂರಿನೊಡನೆ ಸೇರುವುದನ್ನು ವಿರೋಧಿಸಿದ ತಕ್ಕಡಿ ಪಕ್ಷ. 1956ರ ನವೆಂಬರ್ 1ಕ್ಕೆ ಆ ರಾಜ್ಯ ಮುಗಿಯಿತು. ಆಗ ಶಾಲೆಯಲ್ಲಿದ್ದ ಅಜ್ಜ ಅಜ್ಜಿಯರು ನಿಮ್ಮ ಊರಲ್ಲೂ ಇದ್ದಾರೆ. ಒಬ್ಬರನ್ನಾದರೂ ಕೋಟೆಗೆ ಕರೆದುಕೊಂಡು ಹೋಗಿ, ಅರಮನೆ ಅಂಗಳದ ಗಾರೆ ಆನೆಗಳ ಪಕ್ಕ ಕೂರಿಸಿ. ಮಕ್ಕಳು ಕೇಳಲಿ, ಬರೆದುಕೊಳ್ಳಲಿ. ಆ ಬರಹವನ್ನು ನಮಗೆ ಕಳಿಸಿ, ಅಚ್ಚು ಹಾಕುತ್ತೇವೆ.

– ಸಂ.