ಕಪಾಟು, ಅಲಮಾರು, ಬೀರು

ಪ್ರಶ್ನೆ: ಬಟ್ಟೆಬರೆ, ಕಾಗದಪತ್ರ ಇಡುವುದಕ್ಕೆ ನಮ್ಮ ಮನೆಯಲ್ಲಿರುವುದನ್ನು ‘ಕಪಾಟು’ ಎನ್ನುತ್ತೇವೆ. ಬೆಂಗಳೂರಿನ ನೆಂಟರಿಗೆ ಅದು ‘ಬೀರು’. ಕಚೇರಿಯ ದಾಸ್ತಾನು ಪಟ್ಟಿಯಲ್ಲಿ ‘ಅಲಮಾರು’. ಕಪಾಟು ಎಂಬುದು ಇಂಗ್ಲಿಷಿನ ‘ಕಪ್‌ಬೋರ್ಡ್’ ನಮ್ಮವರ ಬಾಯಲ್ಲಿ ಸವೆದ ರೂಪವೆಂದು ಪರಿಚಿತರೊಬ್ಬರು ವಾದಿಸುತ್ತಾರೆ. ಇದು ಸರಿಯೆ?
— ಓದುಗರು, ಕಾರವಾರ

ಉತ್ತರ: ಹಾಗೆ ತೋರುವುದು ಸಹಜವಾದರೂ ವಾದ ನಿಲ್ಲುವುದಿಲ್ಲ. ಸಂಸ್ಕೃತದಲ್ಲಿ ‘ಕಪಾಟ’ ಅಥವಾ ‘ಕವಾಟ’ ಎಂದರೆ ಬಾಗಿಲ ಕದ. ನಾವು ಹೃದಯದ ಕವಾಟ ಎನ್ನುವಾಗಲೂ, ಉತ್ತರದವರು ಬದರೀನಾಥದ ಕಪಾಟು ತೆರೆಯಿತೆನ್ನುವಾಗಲೂ ಉಳಿದಿರುವುದು ಈ ಅರ್ಥವೇ. ಇಂಗ್ಲಿಷ್ ಪದವಾದರೋ ಮೊದಲಿಗೆ ಬಟ್ಟಲುಗಳನ್ನು ಜೋಡಿಸಿಡುವ ಹಲಗೆಯನ್ನು ಸೂಚಿಸುತ್ತಿತ್ತು; ಕದದ ಮಾತು ಅದರಲ್ಲಿರಲಿಲ್ಲ. ಮೇಲಾಗಿ ಇಂಗ್ಲಿಷರು ಅದರ ‘ಪ’ಕಾರವನ್ನು ಉಚ್ಚರಿಸುವುದೇ ಇಲ್ಲವಾದ್ದರಿಂದ, ಕೇಳಿ ಕಲಿತ ಪದವಾಗಿದ್ದರೆ ಅದು ‘ಕಬರ್ಡು’ ಆಗಬೇಕಿತ್ತು. ಈಚಿನ ಮನೆಗಳಲ್ಲಿ ಹಾಗೆ ಆಗಿಯೂ ಇದೆ.

ಕದದ ಹೆಸರು ಕದವುಳ್ಳ ವಸ್ತುವಿಗೆ ಹೇಗೆ ಸಂದಿತೆಂದು ಊಹಿಸುವುದು ಕಷ್ಟವಲ್ಲ. ನಿಮ್ಮ ಕರಾವಳಿಯ ಹಳೆಯ ಮನೆಗಳಲ್ಲಿ ದಪ್ಪನೆಯ ಚಿರೇಕಲ್ಲಿನ ಗೋಡೆಯೊಳಗೆ ಬಿಟ್ಟ ಗೂಡಿಗೆ ಮರದ ಎರಡು ಕದ ಕೂರಿಸಿದರೆ ಅದೇ ಗೋಡೆಕಪಾಟು. ಮರಾಠಿಯಲ್ಲಿಯೂ ‘ಕಪಾಟ’ಕ್ಕೆ ಇದೇ ಅರ್ಥವಿದೆ, ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ನಿಮ್ಮಲ್ಲಿ ಈ ಬಳಕೆಗೆ ಆ ಕಡೆಯ ಬೆಂಬಲವೂ ದೊರೆತಿರಬೇಕು.

ಅಲಮಾರು ನಿಮ್ಮ ನೆರೆಯ ಗೋವೆಯನ್ನು 1961ರವರೆಗೆ ಆಳಿದ ಪೋರ್ಚುಗೀಸರ ಪದ. ಅವರ ‘ಅರ್ಮಾರಿಯೊ’ ಲ್ಯಾಟಿನ್ನಿನ ‘ಅರ್ಮಾರಿಯಂ’ನಿಂದ ಬಂದದ್ದು, ಅದರ ಮೂಲವಾದ ‘ಅರ್ಮ’ಕ್ಕೆ ಆಯುಧ, ಸಲಕರಣೆ ಎಂಬ ಅರ್ಥಗಳಿವೆ. ಒಂದೇ ಪದದಲ್ಲಿ ಎರಡು ರಕಾರ ಬಂದುದರಿಂದ ಮೊದಲನೆಯದು ಲಕಾರವಾಯಿತು. ಹಿಂದಿ, ತಮಿಳು, ಸಿಂಹಳಗಳಲ್ಲಿ ಮಾತ್ರವಲ್ಲ, ಇಂಡೊನೇಷ್ಯದಲ್ಲಿಯೂ ಇದು ‘ಲೆಮಾರಿ’ಯಾಗಿ ನೆಲೆಸಿದೆ. ಬಂದರಿನಿಂದ ಬಂದರಿಗೆ ಇಷ್ಟು ತಿರುಗಿದ ಪದವನ್ನು ಕೆಲವು ಅಂಗಡಿಗಳ ಫಲಕ ‘ಅಲೆಮಾರಿ’ ಎಂದು ಬರೆದರೆ, ತಪ್ಪಾದರೂ, ಮನ್ನಿಸಬೇಕೆನಿಸುತ್ತದೆ.

ಇನ್ನು ಬೀರು, ಇಂಗ್ಲಿಷಿನ ಮೂಲಕ ಬಂದ ಫ್ರೆಂಚರ ‘ಬ್ಯೂರೋ’. ಮೊದಲು ಮೇಜಿನ ಮೇಲೆ ಹಾಸುವ ಒರಟು ಉಣ್ಣೆಬಟ್ಟೆಗಿದ್ದ ಹೆಸರು ಆಮೇಲೆ ಮೇಜಿಗೂ, ಮೇಜಿರುವ ಕಚೇರಿಗೂ ಹಬ್ಬಿತು. ನಿಮ್ಮ ನೆಂಟರ ಮನೆಯ ಉಕ್ಕಿನ ಬೀರುವೂ ದೆಹಲಿಯ ಗುಪ್ತಚರ ಬ್ಯೂರೋವೂ ಹೀಗೆ ಒಂದೇ ಮೂಲದವು.