ತೋರಿಸದೇ ಬಿಟ್ಟ ಖರ್ಚುಗಳು

ನಾನು ಆಪ್ತಸಮಾಲೋಚಕಿ. ಹಣದ ಚಿಂತೆಯಿಂದ ನಿದ್ದೆ ಕೆಟ್ಟವರು ನನ್ನ ಬಳಿ ಆಗಾಗ ಬರುತ್ತಾರೆ. ಹಾಗೆ ಬಂದ ಒಬ್ಬ ಮಹಿಳೆ ಕೂಡ ಮೊದಲು ಹೇಳಿದ್ದು ನಿದ್ದೆಯ ವಿಷಯವೇ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸ. ಮೂರು ವರ್ಷದ ಹಿಂದೆ ಸಂಬಳದ ಕೆಲಸ ಬಿಟ್ಟು ಸ್ವಂತವಾಗಿ ಶುರು ಮಾಡಿದ್ದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

"ತೆರಿಗೆ ರಿಟರ್ನ್ಸ್ ಹಾಕೋ ದಿನ ಹತ್ತಿರ ಬಂತು ಅಂದ್ರೆ ಎದೆ ಹೊಡ್ಕೊಳ್ಳುತ್ತೆ ಮೇಡಂ. ಆ ಫೈಲ್ ಮುಟ್ಟೋಕೂ ಆಗಲ್ಲ" ಎಂದರು.

ಮೊದಲ ಎರಡು ವರ್ಷ ಬ್ಯಾಂಕಿಗೆ ಬಂದ ಹಣವನ್ನೆಲ್ಲ ಹಾಗೆಯೇ ಆದಾಯ ಎಂದು ಬರೆದು, ಅಷ್ಟಕ್ಕೂ ತೆರಿಗೆ ಕಟ್ಟಿದ್ದರು. ಕೆಲಸದ ಖರ್ಚನ್ನು ಆದಾಯದಿಂದ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಬಹುದಿತ್ತು. ಆದರೆ ಒಂದು ಖರ್ಚನ್ನೂ ತೋರಿಸಿರಲಿಲ್ಲ. ಯಾಕೆ ಎಂದು ಕೇಳಿದೆ. "ಮನೇಲೇ ಕೂತು ಮಾಡೋದು. ಅದನ್ನ ಆಫೀಸು ಅಂತ ಹೇಗೆ ಹೇಳಲಿ? ಸುಳ್ಳು ಹೇಳಿದ ಹಾಗಾಗಲ್ವಾ?" ಎಂದರು. ಈ ವರ್ಷ ಕೈ ಬಿಗಿಯಾಗಿತ್ತು. ಜೊತೆಯ ಕಲಾವಿದರೊಬ್ಬರು "ಎಲ್ಲಾ ಹಾಕಿಬಿಡು, ಯಾರು ಕೇಳ್ತಾರೆ" ಎಂದಿದ್ದರಂತೆ. ಅದನ್ನು ನಂಬಿ ಮನೆಯ ಪೂರ್ತಿ ಬಾಡಿಗೆ, ಹೊಸ ಬಟ್ಟೆ, ಕುಟುಂಬದ ಪ್ರವಾಸ ಎಲ್ಲವನ್ನೂ ಸೇರಿಸಿ ಪಟ್ಟಿ ಮಾಡಿದ್ದರು. ಆ ಪಟ್ಟಿ ಮಾಡಿದ ರಾತ್ರಿಯಿಂದಲೇ ನಿದ್ದೆ ಹೋಗಿತ್ತು.

ನನಗೆ ಕಂಡಿದ್ದು ಇಷ್ಟು. ಈಕೆಗೆ ಲೆಕ್ಕ ಬಾರದೆ ಅಲ್ಲ. ತಾನು ಮಾಡುತ್ತಿರುವುದು ಒಂದು ಉದ್ಯೋಗ ಎಂದು ಅವರ ಮನಸ್ಸು ಇನ್ನೂ ಒಪ್ಪಿರಲಿಲ್ಲ. ಹಳೆಯ ಕೆಲಸದಲ್ಲಿ ಮೇಜು, ಕುರ್ಚಿ, ಕಂಪ್ಯೂಟರ್ ಎಲ್ಲ ಕಂಪನಿಯದು. ಅವು ಖರ್ಚು ಎಂದು ಅವರಿಗೆ ಅನಿಸಿದ್ದೇ ಇಲ್ಲ. ಈಗ ಅದೇ ವಸ್ತುಗಳನ್ನು ತಮ್ಮ ದುಡ್ಡಲ್ಲಿ ಕೊಂಡಾಗ 'ನನ್ನ ಸಾಮಾನು' ಅನಿಸುತ್ತಿತ್ತು. ಮನೆಯಿಂದ ದುಡಿಯುವವರಲ್ಲಿ ಇದನ್ನು ನಾನು ತುಂಬಾ ಕಂಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ.

ಮೊದಲ ದಿನ ಸಲಹೆ ಏನೂ ಕೊಡಲಿಲ್ಲ. ಬಿಲ್ಲುಗಳನ್ನು ಹೇಗಿದೆಯೋ ಹಾಗೇ ಒಂದು ಚೀಲದಲ್ಲಿ ತುಂಬಿಕೊಂಡು ಬನ್ನಿ, ಜೋಡಿಸಬೇಡಿ ಎಂದೆ. ಮುಂದಿನ ವಾರ ಚೀಲ ಬಂತು. ಮೇಜಿನ ಮೇಲೆ ಸುರಿದು ಮೂರು ಗುಂಪು ಮಾಡಿದೆವು: ಕೆಲಸಕ್ಕೇ ಬಂದದ್ದು, ಮನೆಗೇ ಬಂದದ್ದು, ಎರಡಕ್ಕೂ ಬಂದದ್ದು. ಮೊತ್ತ ನೋಡಲೇ ಇಲ್ಲ. ಒಂದೊಂದು ಬಿಲ್ ಎತ್ತಿದಾಗಲೂ ನಾನು ಕೇಳಿದ್ದು ಒಂದೇ: "ಈ ಕೆಲಸ ನೀವು ಮಾಡದೇ ಇದ್ದಿದ್ರೆ ಇದನ್ನ ಕೊಳ್ತಿದ್ರಾ?"

ಚಿತ್ರ ಬರೆಯುವ ಸಾಫ್ಟ್‌ವೇರಿನ ತಿಂಗಳ ಶುಲ್ಕ, ಬಣ್ಣ, ಕಾಗದ, ವೆಬ್‌ಸೈಟಿನ ಬಾಡಿಗೆ: ಇವಕ್ಕೆ ಅವರೇ ತಟ್ಟನೆ "ಇಲ್ಲ" ಎಂದರು. ಪ್ರವಾಸದ ಬಿಲ್ ಎತ್ತಿದಾಗ ಸುಮ್ಮನಾದರು. ಬಟ್ಟೆಯ ಬಗ್ಗೆ ಮಾತ್ರ ವಾದ ಮಾಡಿದರು. ಪ್ರಕಾಶಕರನ್ನು ಭೇಟಿಯಾಗಲು ಚೆನ್ನಾಗಿ ಕಾಣಬೇಡವೇ? ಆಗ ಬ್ರಿಟನ್ನಿನ ಒಂದು ತೀರ್ಪಿನ ಕಥೆ ಹೇಳಿದೆ. ನ್ಯಾಯಾಲಯಕ್ಕೆಂದೇ ಕಪ್ಪು ಬಟ್ಟೆ ಕೊಳ್ಳುತ್ತಿದ್ದ ವಕೀಲೆಯೊಬ್ಬರು ಆ ಖರ್ಚನ್ನು ಕಳೆಯಲು ಕೇಳಿದ್ದರು. 1983ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಒಪ್ಪಲಿಲ್ಲ. ಬಟ್ಟೆ ಮೈ ಮುಚ್ಚಲೂ ಬೇಕು, ಅದು ಬರೀ ಕೆಲಸಕ್ಕಲ್ಲ ಎಂಬುದು ಕಾರಣ. ಬೇರೆಡೆಯೂ ಸಾಮಾನ್ಯವಾಗಿ ಇದೇ ದಾರಿ. ಹೊರಗೆ ಹಾಕಿಕೊಂಡು ಓಡಾಡಬಹುದಾದ ಬಟ್ಟೆಯನ್ನು ಕೆಲಸದ ಖರ್ಚು ಎಂದು ಒಪ್ಪಿಸುವುದು ಕಷ್ಟ. ಅವರು ಆ ಬಿಲ್ಲನ್ನು ತಾವೇ ಮನೆಯ ಗುಂಪಿಗೆ ಹಾಕಿದರು.

ಮೂರನೇ ಗುಂಪೇ ಹೆಚ್ಚು ಹೊತ್ತು ತೆಗೆದುಕೊಂಡಿತು. ಬಾಡಿಗೆ, ವಿದ್ಯುತ್, ಇಂಟರ್ನೆಟ್, ಫೋನು. ಇವನ್ನು ಪೂರ್ತಿ ಹಾಕುವುದೂ ತಪ್ಪು, ಪೂರ್ತಿ ಬಿಡುವುದೂ ನಷ್ಟ. ಒಂದು ಪಾಲು ತೋರಿಸಬೇಕು, ಆ ಪಾಲು ಎಲ್ಲಿಂದ ಬಂತು ಎಂದು ಹೇಳಲು ಆಗಬೇಕು. ಅವರ ಮನೆ ಸುಮಾರು 800 ಚದರ ಅಡಿ. ಕೆಲಸದ ಕೋಣೆ 120. ಅಲ್ಲಿಗೆ 15 ಶೇಕಡಾ. ಆ ಕೋಣೆಯಲ್ಲಿ ಬೇರೇನೂ ನಡೆಯುವುದಿಲ್ಲ ಎಂದರೆ ಬಾಡಿಗೆಯ ಆ ಪಾಲು ಕೇಳಬಹುದು. ಆದರೆ ಸಂಜೆ ಅದೇ ಕೋಣೆಯಲ್ಲಿ ಮಗ ಓದಲು ಕೂರುತ್ತಾನೆ ಎಂದರು. ಇದು ಸಣ್ಣ ವಿಷಯ ಅಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಆ ಜಾಗ ಕೆಲಸಕ್ಕೆ ಮಾತ್ರ ಮೀಸಲಿರಬೇಕು, ಇಲ್ಲದಿದ್ದರೆ ಏನೂ ಸಿಗದು. ಬ್ರಿಟನ್ನಿನಲ್ಲಿ ಜಾಗ ಮತ್ತು ಸಮಯ ಎರಡನ್ನೂ ನೋಡಿ ಪಾಲು ಹಾಕಲು ಬಿಡುತ್ತಾರೆ. ನಿಮಗೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಆಡಿಟರ್ ಹತ್ತಿರ ಇದೊಂದನ್ನು ಖಂಡಿತ ಕೇಳಿ, ಮಗನ ವಿಷಯ ಮುಚ್ಚಿಡಬೇಡಿ ಎಂದೆ. ಫೋನಿಗೆ ಬೇರೆ ಉಪಾಯ. ಒಂದು ತಿಂಗಳು ಕೆಲಸದ ಕರೆ ಯಾವುದು, ಮನೆಯದ್ದು ಯಾವುದು ಎಂದು ಬರೆದಿಡಿ, ಬಂದ ಪಾಲನ್ನು ಆಧಾರವಾಗಿ ಇಟ್ಟುಕೊಳ್ಳಿ.

ಇನ್ನೊಂದು ತಪ್ಪು ಇಲ್ಲೇ ಸಿಕ್ಕಿತು. ಆನ್‌ಲೈನ್ ವೇದಿಕೆಯಿಂದ ಬಂದ ಕೆಲಸಗಳಲ್ಲಿ ಕಮಿಷನ್ ಮುರಿದುಕೊಂಡು ಉಳಿದದ್ದನ್ನು ಮಾತ್ರ ಬರೆದಿದ್ದರು. ಪೂರ್ತಿ ಮೊತ್ತವನ್ನು ಆದಾಯದಲ್ಲಿ ಬರೆದು ಕಮಿಷನ್ನನ್ನು ಖರ್ಚಿನಲ್ಲಿ ತೋರಿಸಿ ಎಂದೆ. ಉಳಿಯುವ ಲಾಭ ಅಷ್ಟೇ. ಆದರೆ ವೇದಿಕೆಯವರು ಇಲಾಖೆಗೆ ಕೊಡುವ ಅಂಕಿಯೂ ನಿಮ್ಮ ಅಂಕಿಯೂ ತಾಳೆಯಾಗುತ್ತದೆ.

ಮೂರನೇ ಭೇಟಿಯಲ್ಲಿ ಅವರು ಅತ್ತರು. ಒಬ್ಬ ಗಿರಾಕಿ ಮೂರು ವಾರ ಕೆಲಸ ಮಾಡಿಸಿಕೊಂಡು ಹಣವನ್ನೇ ಕೊಡಲಿಲ್ಲ. "ಆ ಮೂರು ವಾರನ ನಷ್ಟ ಅಂತ ತೋರಿಸ್ಬಹುದು ಅಲ್ವಾ?" ಎಂದು ಕೇಳಿದರು. ಉತ್ತರ ಹೇಳುವುದು ನನಗೆ ಕಷ್ಟವಾಯಿತು. ಹಣ ಕೈಗೆ ಬಂದಾಗ ಮಾತ್ರ ಆದಾಯ ಬರೆಯುವ ಪದ್ಧತಿ ಅವರದು. ಬಾರದ ಹಣ ಅವರ ಆದಾಯದ ಲೆಕ್ಕಕ್ಕೇ ಸೇರಿಲ್ಲ. ಹಾಗಾಗಿ ಅದನ್ನು ಮತ್ತೆ ಕಳೆಯಲು ಬರುವುದಿಲ್ಲ. ಇನ್ನು ಸ್ವಂತ ದುಡಿಮೆಯ ಗಂಟೆಗಳಿಗೆ ತಾವೇ ಬೆಲೆ ಕಟ್ಟಿ ಖರ್ಚು ಎಂದು ಬರೆಯುವಂತಿಲ್ಲ. ಆ ಕೆಲಸಕ್ಕೆಂದು ಕೊಂಡ ಬಣ್ಣ, ಕಾಗದ, ಓಡಾಟ ಮಾತ್ರ ಖರ್ಚಿಗೆ ಸೇರುತ್ತದೆ. "ಅಂದ್ರೆ ನನ್ನ ಮೂರು ವಾರಕ್ಕೆ ಬೆಲೆ ಇಲ್ಲ" ಎಂದರು. ತೆರಿಗೆಯ ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ, ಅಷ್ಟೇ. ಆ ಮೂರು ವಾರ ನೀವು ದುಡಿದದ್ದು ನಿಜ, ನಿಮಗೆ ಅನ್ಯಾಯ ಆದದ್ದೂ ನಿಜ ಎಂದೆ. ಆ ದಿನ ಬಿಲ್ಲುಗಳನ್ನು ಮತ್ತೆ ತೆರೆಯಲಿಲ್ಲ. ಅದರ ಬಗ್ಗೆಯೇ ಒಂದು ಗಂಟೆ ಮಾತಾಡಿದೆವು.

ನಂತರ ಒಂದು ಅವಸರವನ್ನು ತಡೆಯಬೇಕಾಯಿತು. ಖರ್ಚು ತೋರಿಸಬಹುದು ಎಂದು ಧೈರ್ಯ ಬಂದ ಮೇಲೆ, ವರ್ಷ ಮುಗಿಯುವ ಮೊದಲು ದುಬಾರಿ ಕಂಪ್ಯೂಟರ್ ಕೊಂಡುಬಿಡುವ ಆಸೆ ಹುಟ್ಟಿತ್ತು. ತೆರಿಗೆ ಉಳಿಯುತ್ತದಲ್ಲ! ಕಾಗದದ ಮೇಲೆ ಬರೆದು ತೋರಿಸಿದೆ. ತೆರಿಗೆ ದರ 20 ಶೇಕಡಾ ಎಂದುಕೊಳ್ಳಿ. ನೂರು ಖರ್ಚು ಮಾಡಿದರೆ ಉಳಿಯುವ ತೆರಿಗೆ 20. ಮಿಕ್ಕ 80 ನಿಮ್ಮ ಜೇಬಿನಿಂದಲೇ ಹೋಗುತ್ತದೆ. ಜೊತೆಗೆ ಹಲವು ವರ್ಷ ಬಾಳುವ ವಸ್ತುವಿನ ಬೆಲೆಯನ್ನು ಎಷ್ಟೋ ಕಡೆ ಒಂದೇ ವರ್ಷಕ್ಕೆ ಕಳೆಯಲು ಬಿಡುವುದಿಲ್ಲ. ಸವಕಳಿ ಎಂದು ವರ್ಷ ವರ್ಷವೂ ಸ್ವಲ್ಪ ಸ್ವಲ್ಪ ಕಳೆಯಬೇಕು. ಹಳೆಯ ಕಂಪ್ಯೂಟರ್ ಕೆಲಸಕ್ಕೆ ಸಾಲುತ್ತಿಲ್ಲವಾದರೆ ಕೊಳ್ಳಿ, ತೆರಿಗೆಗೋಸ್ಕರ ಬೇಡ ಎಂದೆ. ಸಾಲುತ್ತಿದೆ ಎಂದು ಒಪ್ಪಿಕೊಂಡರು.

ಕೆಲವು ದೇಶಗಳಲ್ಲಿ ಬಿಲ್ಲುಗಳ ಗೋಜಿಲ್ಲದೆ ಅಂದಾಜಿನ ಮೇಲೆ ಲೆಕ್ಕ ಹಾಕುವ ದಾರಿಯೂ ಇದೆ. ಭಾರತದಲ್ಲಿ ಕೆಲವು ನಿಗದಿತ ವೃತ್ತಿಗಳವರು, ಒಂದು ಮಿತಿಯೊಳಗಿದ್ದರೆ, ಬಂದ ಹಣದ ಅರ್ಧವನ್ನು ಲಾಭ ಎಂದು ತೋರಿಸಿ ತೆರಿಗೆ ಕಟ್ಟಬಹುದು. ನಿಜವಾದ ಖರ್ಚು ಕಡಿಮೆ ಇರುವವರಿಗೆ ಇದು ಅನುಕೂಲ. ಅಮೆರಿಕದಲ್ಲಿ ಮನೆಯ ಕೆಲಸದ ಕೋಣೆಗೆ ಚದರ ಅಡಿಗೆ 5 ಡಾಲರ್‌ನಂತೆ, ಗರಿಷ್ಠ 300 ಚದರ ಅಡಿಯವರೆಗೆ ಕಳೆಯುವ ಸುಲಭ ಕ್ರಮ ಇದೆ. ಆಡಿಟರ್ ಹತ್ತಿರ ಎರಡೂ ರೀತಿಯಲ್ಲಿ ಲೆಕ್ಕ ಹಾಕಿಸಿ ನೋಡಿ ಎಂದೆ. ನಾನು ಆಡಿಟರ್ ಅಲ್ಲ. ಕೊನೆಯ ಮಾತು ಅವರದೇ ಆಗಬೇಕು.

ಮನೆಗೆ ಕೊಟ್ಟ ಕೆಲಸಗಳು ಸಣ್ಣವು. ಕೆಲಸದ ಹಣಕ್ಕೆ ಬೇರೆ ಖಾತೆ. ಹಣ ಬಂದ ದಿನವೇ ತೆರಿಗೆಗೆಂದು ಒಂದು ಪಾಲು ಪಕ್ಕಕ್ಕೆ. ಬಿಲ್ ಸಿಕ್ಕ ಕೂಡಲೇ ಫೋಟೋ, ಯಾಕೆ ಕೊಂಡೆ ಎಂದು ಒಂದು ಸಾಲು. ಈ ಸಾಲು ತುಂಬಾ ಮುಖ್ಯ. ಎರಡು ವರ್ಷದ ನಂತರ ಯಾರಾದರೂ ಕೇಳಿದರೆ ನೆನಪು ಕೈಕೊಡುತ್ತದೆ, ಆ ಸಾಲು ಇರುತ್ತದೆ. ಶುಕ್ರವಾರ ಅರ್ಧ ಗಂಟೆ ಇದಕ್ಕೇ ಮೀಸಲು. ಎದೆ ಹೊಡೆದುಕೊಂಡರೆ ಹತ್ತೇ ನಿಮಿಷ ಕೂತು ಎದ್ದುಬಿಡಿ, ಆದರೆ ಫೈಲ್ ತೆರೆಯದೇ ಇರಬೇಡಿ ಎಂದೆ. ಹಿಂದಿನ ಎರಡು ವರ್ಷ ಹೆಚ್ಚು ಕಟ್ಟಿದ್ದನ್ನು ತಿದ್ದಲು ಇನ್ನೂ ಅವಧಿ ಇದೆಯೇ ಎಂದು ವಿಚಾರಿಸಲೂ ಹೇಳಿದೆ.

ಆರು ವಾರದ ನಂತರ ಫೋನ್ ಮಾಡಿದರು. ಕೊನೆಯ ದಿನಕ್ಕೆ ಇನ್ನೂ ಒಂಬತ್ತು ದಿನ ಇರುವಾಗಲೇ ರಿಟರ್ನ್ಸ್ ಹಾಕಿದ್ದರು. ಕೋಣೆಯ ಬಾಡಿಗೆಯ ಪಾಲನ್ನು ಈ ವರ್ಷ ಕೇಳಲಿಲ್ಲವಂತೆ. ಮಗನ ಓದುವ ಮೇಜನ್ನು ಹಾಲ್‌ಗೆ ಸಾಗಿಸಿದ್ದಾರೆ, ಮುಂದಿನ ವರ್ಷಕ್ಕೆ. ಒಂದು ಹಳೆಯ ರಿಟರ್ನ್ಸ್ ತಿದ್ದಲು ಆಡಿಟರ್ ಕಾಗದ ಕೇಳಿದ್ದಾರೆ. ಹಣ ಕೊಡದ ಆ ಗಿರಾಕಿಗೆ ಹೇಗೆ ಬರೆಯುವುದು ಎಂದು ಕೇಳಿದರು. ಮುಂದಿನ ಭೇಟಿಗೆ ಹಳೆಯ ಪತ್ರಗಳನ್ನೆಲ್ಲ ತನ್ನಿ ಎಂದಿದ್ದೇನೆ.